ಮಿದುಳಿನ ಮಲೇರಿಯಾ: ರಕ್ತನಾಳ ಬಿಟ್ಟು ಹೊರಬಾರದ ಜೀವಿ ಕೋಮಾ ತರುವ ಬಗೆ

ಮಲೇರಿಯಾ ಜ್ವರದಿಂದ ಒಂದೆರಡು ದಿನ ಬಳಲಿದ ಮಗುವಿಗೆ ಇದ್ದಕ್ಕಿದ್ದಂತೆ ಸೆಳವು ಬಂದು, ಸೆಳವು ನಿಂತ ಮೇಲೂ ಅದು ಕರೆದರೆ ಓಗೊಡದೆ, ಚಿವುಟಿದರೂ ಕಣ್ಣು ತೆರೆಯದೆ ಮಲಗಿಬಿಟ್ಟರೆ, ವೈದ್ಯರು ಅದನ್ನು ಸೆರೆಬ್ರಲ್ ಮಲೇರಿಯಾ, ಅಂದರೆ ಮಿದುಳಿನ ಮಲೇರಿಯಾ ಎಂದು ಶಂಕಿಸುತ್ತಾರೆ. ಒಳ್ಳೆಯ ಔಷಧ ದೊರೆತಾಗಲೂ ಇಂಥ ಮಕ್ಕಳಲ್ಲಿ ನೂರಕ್ಕೆ ಸುಮಾರು 15ರಿಂದ 20 ಮಂದಿ ತೀರಿಕೊಳ್ಳುತ್ತಾರೆ. ಉಳಿದವರಲ್ಲಿ ಬಹುಪಾಲು ಮಕ್ಕಳು ಎರಡು ಮೂರು ದಿನಗಳಲ್ಲಿ ಕಣ್ಣು ಬಿಟ್ಟು, ತಾಯಿಯನ್ನು ಗುರುತಿಸಿ, ಹಾಲು ಕುಡಿದು, ವಾರದೊಳಗೆ ನಡೆದುಕೊಂಡೇ ಮನೆಗೆ ಹೋಗುತ್ತಾರೆ. ಸಾವಿನಂಚಿಗೆ ಒಯ್ಯುವ ಕೋಮಾ ಇಷ್ಟು ಬೇಗ, ಇಷ್ಟು ಪೂರ್ಣವಾಗಿ ತಿಳಿಯಾಗುವುದು ವೈದ್ಯಶಾಸ್ತ್ರದಲ್ಲಿ ಅಪರೂಪ. ನರಕೋಶಗಳು ದೊಡ್ಡ ಪ್ರಮಾಣದಲ್ಲಿ ಸತ್ತಿದ್ದರೆ ಮಗು ಹೀಗೆ ಎದ್ದು ಕೂರುವುದು ಸಾಧ್ಯವೇ ಇರಲಿಲ್ಲ. ಅವು ಸಾಯದೆ ಇದ್ದರೆ ಪ್ರಜ್ಞೆ ತಪ್ಪಿದ್ದೇಕೆ ಎಂಬ ಪ್ರಶ್ನೆ ಉಳಿಯುತ್ತದೆ.

ಇದಕ್ಕಿಂತಲೂ ಸೋಜಿಗದ ಸಂಗತಿಯೊಂದಿದೆ. ಮಿದುಳಿನ ಪೊರೆಯ ಉರಿಯೂತವಾದ ಮೆನಿಂಜೈಟಿಸ್ ತರುವ ಬ್ಯಾಕ್ಟೀರಿಯಾಗಳಾಗಲಿ, ಮಿದುಳಿನ ಉರಿಯೂತ ತರುವ ವೈರಾಣುಗಳಾಗಲಿ ರಕ್ತನಾಳದ ಗೋಡೆಯನ್ನು ದಾಟಿ ಮಿದುಳಿನ ಪರಿಸರದೊಳಕ್ಕೆ ನುಗ್ಗುತ್ತವೆ. ಮಲೇರಿಯಾದ ಪರೋಪಜೀವಿ ಹಾಗೆ ನುಗ್ಗುವುದಿಲ್ಲ. ಅದು ಕೆಂಪು ರಕ್ತಕಣದ ಒಳಗಿರುತ್ತದೆ, ಆ ರಕ್ತಕಣ ರಕ್ತನಾಳದ ಒಳಗಿರುತ್ತದೆ, ನರಕೋಶವನ್ನು ಅದು ಮುಟ್ಟುವುದೇ ಇಲ್ಲ. ರಕ್ತನಾಳದೊಳಗೆ ಉಳಿದುಕೊಂಡೇ ಅದು ಮಿದುಳಿನ ಕೆಲಸವನ್ನು ನಿಲ್ಲಿಸುವುದು ಹೇಗೆ ಎಂಬುದನ್ನು ತಿಳಿಯಲು ನೂರಮೂವತ್ತು ವರ್ಷಗಳಿಂದ ಪ್ರಯತ್ನ ನಡೆದಿದೆ. ಅದರ ಬಹುಮುಖ್ಯ ಭಾಗ ನಡೆದಿರುವುದು ಶ್ರೀಮಂತ ದೇಶಗಳ ಪ್ರಯೋಗಾಲಯಗಳಲ್ಲಿ ಅಲ್ಲ; ಮಲಾವಿ, ಕೀನ್ಯಾ, ಉಗಾಂಡಾ, ಥಾಯ್ಲೆಂಡ್ ಮತ್ತು ನಮ್ಮ ಒಡಿಶಾದ ವಾರ್ಡುಗಳಲ್ಲಿ, ರೋಗಿಯ ಹಾಸಿಗೆಯ ಪಕ್ಕದಲ್ಲಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 26.3 ಕೋಟಿ ಮಲೇರಿಯಾ ಪ್ರಕರಣಗಳು ಕಂಡುಬಂದು, ಸುಮಾರು 5.97 ಲಕ್ಷ ಜನ ಸತ್ತರು. ಈ ಸಾವುಗಳಲ್ಲಿ ನೂರಕ್ಕೆ 95ರಷ್ಟು ಆಫ್ರಿಕಾದಲ್ಲಿ ಆದಂಥವು, ಅಲ್ಲಿ ಸತ್ತವರಲ್ಲಿ ಮುಕ್ಕಾಲು ಪಾಲು ಐದು ವರ್ಷ ತುಂಬದ ಮಕ್ಕಳು. ಮನುಷ್ಯರಿಗೆ ಮಲೇರಿಯಾ ತರುವ ಪ್ಲಾಸ್ಮೋಡಿಯಮ್ ಪ್ರಭೇದಗಳು ಹಲವಿದ್ದರೂ ಮಿದುಳನ್ನು ಹೀಗೆ ಕೆಡಿಸುವುದು ಹೆಚ್ಚುಕಡಿಮೆ ಒಂದೇ, ಅದು ಫಾಲ್ಸಿಪಾರಮ್. ಮಂಗಳೂರು, ಉಡುಪಿ ಕಡೆಯ ಓದುಗರಿಗೆ ಹೆಚ್ಚು ಪರಿಚಿತವಾಗಿರುವ ವೈವ್ಯಾಕ್ಸ್ ಮಲೇರಿಯಾ ಮನುಷ್ಯನನ್ನು ಹಣ್ಣು ಮಾಡುತ್ತದಾದರೂ ಕೋಮಾಕ್ಕೆ ಒಯ್ಯುವುದು ಅಪರೂಪ. ಆದುದರಿಂದ ರಕ್ತಪರೀಕ್ಷೆಯ ವರದಿಯಲ್ಲಿ ಮಲೇರಿಯಾ ಇದೆ ಎಂದಷ್ಟೇ ಅಲ್ಲದೆ ಯಾವ ಮಲೇರಿಯಾ ಎಂದೂ ನೋಡುವುದು ಅತ್ಯಗತ್ಯ.

ಫಾಲ್ಸಿಪಾರಮ್‌ಗೆ ಈ ಶಕ್ತಿ ಬಂದಿರುವುದು ಅದು ಅಡಗಿಕೊಳ್ಳುವ ಬಗೆಯಿಂದ. ಕೆಂಪು ರಕ್ತಕಣದೊಳಗೆ ಅದರ ಒಂದು ಸುತ್ತಿನ ಬೆಳವಣಿಗೆಗೆ ಸುಮಾರು 48 ಗಂಟೆ ಬೇಕು. ಮೊದಲರ್ಧದಲ್ಲಿ ಅದು ಸಣ್ಣ ಉಂಗುರದ ಆಕಾರದಲ್ಲಿದ್ದು, ರಕ್ತಕಣ ಎಂದಿನಂತೆ ದೇಹವೆಲ್ಲ ಸುತ್ತುತ್ತಿರುತ್ತದೆ. ಬೆಳೆದಂತೆ ಅದು ಹಿಮೋಗ್ಲೋಬಿನನ್ನು ತಿಂದು, ರಕ್ತಕಣವನ್ನು ಬಿರುಸಾಗಿಸುತ್ತದೆ. ಇಂಥ ಬಿರುಸಾದ ಕಣ ಗುಲ್ಮದ ಮೂಲಕ ಹಾದುಹೋದರೆ ಅಲ್ಲಿ ಅದು ಹಾಳಾದ ಕಣವೆಂದು ಗುರುತಿಸಲ್ಪಟ್ಟು ನಾಶವಾಗುತ್ತದೆ. ಅದನ್ನು ತಪ್ಪಿಸಿಕೊಳ್ಳಲು ಫಾಲ್ಸಿಪಾರಮ್ ತಾನಿರುವ ರಕ್ತಕಣದ ಮೇಲ್ಮೈಯಲ್ಲಿ ಸೂಕ್ಷ್ಮವಾದ ಗುಬುಟುಗಳನ್ನು ಎಬ್ಬಿಸಿ, ಅವುಗಳ ಮೇಲೆ ಪಿಎಫ್ಇಎಂಪಿ-1 ಎಂಬ ಪ್ರೋಟೀನನ್ನು ಹೊರಚಾಚುತ್ತದೆ. ಈ ಪ್ರೋಟೀನು ಸಣ್ಣ ರಕ್ತನಾಳಗಳ ಒಳಪದರಕ್ಕೆ ಕಚ್ಚಿಕೊಳ್ಳುತ್ತದೆ, ರಕ್ತಕಣ ಅಲ್ಲೇ ನಿಂತುಬಿಡುತ್ತದೆ. ರಕ್ತಕಣದ ಅಗಲ ಏಳೆಂಟು ಮೈಕ್ರಾನ್. ಮಿದುಳಿನ ಲೋಮನಾಳಗಳಲ್ಲಿ, ಅಂದರೆ ಅತಿ ಸಣ್ಣ ರಕ್ತನಾಳಗಳಲ್ಲಿ, ಅನೇಕವು ಅದಕ್ಕಿಂತಲೂ ಕಿರಿದು. ಆರೋಗ್ಯವಂತ ರಕ್ತಕಣ ಮೈ ಮಡಚಿಕೊಂಡು ಆ ಕಿರಿದಾದ ದಾರಿಯಲ್ಲಿ ನುಸುಳಿ ಹೋಗುತ್ತದೆ. ಗೋಡೆಗೆ ಅಂಟಿ ಬಿರುಸಾದ ಕಣಗಳು ಅರ್ಧ ದಾರಿಯನ್ನು ಮುಚ್ಚಿರುವಾಗ ಅದಕ್ಕೂ ನುಸುಳಲು ಜಾಗ ಸಾಲದು.

ಇದನ್ನು ಮೊದಲು ಕಂಡವರು ಇಟಲಿಯ ವೈದ್ಯರು. ಫ್ರೆಂಚ್ ಸೇನಾವೈದ್ಯ ಲಾವೆರಾನ್ 1880ರಲ್ಲಿ ಅಲ್ಜೀರಿಯಾದಲ್ಲಿ ರೋಗಿಯ ರಕ್ತದಲ್ಲಿ ಈ ಜೀವಿಯನ್ನು ಗುರುತಿಸಿದ್ದ. ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಅದನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡ. ಈ ಎರಡರ ನಡುವೆ, 1890ರ ದಶಕದ ಮೊದಲ ವರ್ಷಗಳಲ್ಲಿ, ರೋಮ್ ನಗರದ ಮಾರ್ಕಿಯಾಫಾವಾ ಮತ್ತು ಬಿಗ್ನಾಮಿ ಎಂಬ ಇಬ್ಬರು ಮಲೇರಿಯಾದಿಂದ ಸತ್ತವರ ಮಿದುಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ, ಲೋಮನಾಳಗಳು ಬೆಳೆದ ಪರೋಪಜೀವಿಗಳನ್ನು ಹೊತ್ತ ರಕ್ತಕಣಗಳಿಂದ ತುಂಬಿರುವುದು ಕಂಡಿತು. ರಾಸ್‌ನ ಹೆಸರು ಶಾಲೆಯ ಪಾಠಗಳಿಗೂ ತಲುಪಿತು, ಇವರಿಬ್ಬರದು ತಲುಪಲಿಲ್ಲ. ಆದರೂ ಮಿದುಳಿನ ಮಲೇರಿಯಾದ ಮಟ್ಟಿಗೆ ಇವರದೇ ಮೂಲ ಶೋಧವೆಂದು ನಾನು ತಿಳಿಯುತ್ತೇನೆ. ಅವರು ಕಂಡದ್ದನ್ನು ಅಣುಗಳ ಮಟ್ಟದಲ್ಲಿ ವಿವರಿಸಲು ಇನ್ನೊಂದು ಶತಮಾನ ಬೇಕಾಯಿತು. ಕಚ್ಚಿಕೊಳ್ಳುವ ಪ್ರೋಟೀನಿಗೆ ಕಾರಣವಾದ ವಂಶವಾಹಿಗಳ ಗುಂಪು ಪತ್ತೆಯಾದದ್ದು 1995ರಲ್ಲಿ. ಪ್ರತಿಯೊಂದು ಪರೋಪಜೀವಿಯಲ್ಲಿ ಇಂಥ ಸುಮಾರು 60 ವಂಶವಾಹಿಗಳಿದ್ದು, ಒಂದು ಸಲಕ್ಕೆ ಒಂದನ್ನು ಮಾತ್ರ ಬಳಸಿ, ದೇಹದ ರೋಗನಿರೋಧಕ ವ್ಯವಸ್ಥೆ ಅದನ್ನು ಗುರುತು ಹಿಡಿಯುವಷ್ಟರಲ್ಲಿ ಅದು ಇನ್ನೊಂದಕ್ಕೆ ಬದಲಾಯಿಸಿಕೊಳ್ಳುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಎಲ್ಲ ಫಾಲ್ಸಿಪಾರಮ್ ಸೋಂಕಿನಲ್ಲೂ ರಕ್ತಕಣಗಳು ಎಲ್ಲಾದರೊಂದು ಕಡೆ ಅಂಟಿಕೊಳ್ಳುತ್ತವೆಯಾದರೂ ಕೋಮಾಕ್ಕೆ ಹೋಗುವುದು ಕೆಲವೇ ಮಕ್ಕಳು, ಏಕೆ? 2013ರಲ್ಲಿ ಪ್ರಕಟವಾದ ಸಂಶೋಧನೆ ಇದಕ್ಕೆ ಅರ್ಧ ಉತ್ತರ ಕೊಟ್ಟಿತು. ತೀವ್ರ ಮಲೇರಿಯಾಕ್ಕೆ ಕಾರಣವಾಗುವ ಪರೋಪಜೀವಿಗಳು ಹೊರಚಾಚುವ ಪಿಎಫ್ಇಎಂಪಿ-1ರ ಕೆಲವು ನಿರ್ದಿಷ್ಟ ಬಗೆಗಳು ರಕ್ತನಾಳದ ಒಳಪದರದಲ್ಲಿರುವ ಇಪಿಸಿಆರ್ ಎಂಬ ಗ್ರಾಹಕಕ್ಕೆ ಕಚ್ಚಿಕೊಳ್ಳುತ್ತವೆ ಎಂಬುದು ತಿಳಿಯಿತು. ಈ ಗ್ರಾಹಕಕ್ಕೆ ದೇಹದಲ್ಲಿ ಬೇರೆ ಕೆಲಸವಿದೆ. ಅದು ಪ್ರೋಟೀನ್-ಸಿ ಎಂಬ ವಸ್ತುವನ್ನು ಚುರುಕುಗೊಳಿಸಿ, ರಕ್ತ ಅನಗತ್ಯವಾಗಿ ಹೆಪ್ಪುಗಟ್ಟದಂತೆ, ನಾಳದ ಗೋಡೆ ಸೋರದಂತೆ, ಉರಿಯೂತ ಮಿತಿಮೀರದಂತೆ ನೋಡಿಕೊಳ್ಳುತ್ತದೆ. ಮಿದುಳಿನ ರಕ್ತನಾಳಗಳಲ್ಲಿ ಈ ಗ್ರಾಹಕ ಮೊದಲೇ ಕಡಿಮೆ. ಪರೋಪಜೀವಿ ಹೊತ್ತ ರಕ್ತಕಣ ಬಂದು ಅದನ್ನು ಆಕ್ರಮಿಸಿದರೆ ರಕ್ಷಣೆ ಇನ್ನಷ್ಟು ತಗ್ಗಿ, ಸಣ್ಣಸಣ್ಣ ಹೆಪ್ಪುಗಳಾಗಿ, ನಾಳದಿಂದ ದ್ರವ ಸೋರಿ, ಸುತ್ತಲಿನ ಮಿದುಳು ಊದಿಕೊಳ್ಳುತ್ತದೆ. ಅಂದರೆ ರಕ್ತಸಂಚಾರಕ್ಕೆ ತಡೆಯಾಗುವುದು ಕಥೆಯ ಒಂದು ಭಾಗ ಮಾತ್ರ. ನಾಳದ ಗೋಡೆಯೇ ರೋಗಗ್ರಸ್ತವಾಗುವುದು ಇನ್ನೊಂದು. ಪರೋಪಜೀವಿ ನಾಳವನ್ನು ಬಿಟ್ಟು ಹೊರಬಾರದಿದ್ದರೂ ಅದರ ದುಷ್ಪರಿಣಾಮ ಹೊರಬರುವುದು ಹೀಗೆ.

ಈ ವಿವರಣೆಯೆಲ್ಲ ರೋಗಿಗೆ ನಿಜವಾಗಿಯೂ ಮಿದುಳಿನ ಮಲೇರಿಯಾ ಇದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಅತಿ ಕಷ್ಟದ ಪ್ರಶ್ನೆ ಅಲ್ಲೇ ಇತ್ತು. ಮಲಾವಿಯ ಬ್ಲಾಂಟೈರ್ ನಗರದ ಕ್ವೀನ್ ಎಲಿಜಬೆತ್ ಸೆಂಟ್ರಲ್ ಆಸ್ಪತ್ರೆಯಲ್ಲಿ 1980ರ ದಶಕದಿಂದ ಕೆಲಸ ಮಾಡಿದ ಮಾಲ್ಕಮ್ ಮೊಲಿನ್ಯೂ ಮತ್ತು ಟೆರ್ರಿ ಟೇಲರ್ ಮೊದಲು ಮಾಡಿದ ಕೆಲಸವೆಂದರೆ ಮಾತು ಬಾರದ ಎಳೆಯ ಮಕ್ಕಳ ಕೋಮಾವನ್ನು ಅಳೆಯುವ ಸರಳ ವಿಧಾನವೊಂದನ್ನು ರೂಪಿಸಿದ್ದು. ದೊಡ್ಡವರಿಗಾದರೆ ಹೆಸರೇನು, ಇದು ಯಾವ ಊರು ಎಂದು ಕೇಳಬಹುದು. ಎರಡು ವರ್ಷದ ಮಗುವನ್ನು ಹಾಗೆ ಕೇಳಲಾಗದು. ಬ್ಲಾಂಟೈರ್ ಕೋಮಾ ಮಾಪಕದಲ್ಲಿ ಒಟ್ಟು ಅಂಕ ಐದು. ಬೆರಳ ಗೆಣ್ಣಿನಿಂದ ಎದೆಮೂಳೆಯನ್ನು ಒತ್ತಿದಾಗ ಮಗು ಆ ಕೈಯನ್ನು ತಳ್ಳಲು ಬಂದರೆ ಎರಡು ಅಂಕ. ಉಗುರಿನ ಬುಡವನ್ನು ಪೆನ್ಸಿಲಿನಿಂದ ಒತ್ತಿದಾಗ ಕೈಯನ್ನು ಹಿಂದೆಳೆದುಕೊಂಡರೆ ಒಂದು. ನೋವಿಗೆ ಸರಿಯಾಗಿ ಅತ್ತರೆ ಎರಡು, ಬರಿದೇ ನರಳಿದರೆ ಒಂದು. ತಾಯಿಯ ಮುಖ ಅತ್ತಿತ್ತ ಸರಿದಾಗ ಕಣ್ಣು ಅದನ್ನು ಹಿಂಬಾಲಿಸಿದರೆ ಒಂದು. ಒಟ್ಟು ಎರಡು ಅಥವಾ ಅದಕ್ಕಿಂತ ಕಡಿಮೆ ಬಂದು, ರಕ್ತದಲ್ಲಿ ಫಾಲ್ಸಿಪಾರಮ್ ಕಂಡು, ಸಕ್ಕರೆಯ ಕೊರತೆ, ಮೆನಿಂಜೈಟಿಸ್, ಸೆಳವಿನ ನಂತರದ ಮಂಪರು ಇವ್ಯಾವುವೂ ಅಲ್ಲವೆಂದಾದರೆ ಅದು ಮಿದುಳಿನ ಮಲೇರಿಯಾ. ಕೋಮಾವನ್ನು ಅಳೆಯುವ ಮಟ್ಟಿಗೆ ಯಂತ್ರ ಬೇಡ, ಪ್ರಯೋಗಾಲಯ ಬೇಡ, ದಾದಿಯೊಬ್ಬರ ಎರಡು ಕೈ ಸಾಕು. 1989ರಲ್ಲಿ ಪ್ರಕಟವಾದ ಈ ಮಾಪಕ ಇಂದಿಗೂ ಬಳಕೆಯಲ್ಲಿದೆ.

ಆದರೆ ಮಲೇರಿಯಾ ವರ್ಷವಿಡೀ ಇರುವ ಊರುಗಳಲ್ಲಿ ಆಟವಾಡಿಕೊಂಡಿರುವ ಆರೋಗ್ಯವಂತ ಮಕ್ಕಳ ರಕ್ತದಲ್ಲೂ ಪರೋಪಜೀವಿಗಳು ಕಾಣಿಸುತ್ತವೆ. ಪದೇ ಪದೇ ಸೋಂಕಿಗೊಳಗಾಗಿ ಅವರ ದೇಹ ಅದನ್ನು ಸಹಿಸಿಕೊಳ್ಳಲು ಕಲಿತಿರುತ್ತದೆ. ಅಂಥ ಮಗುವೊಂದು ಬೇರೆ ಯಾವುದೋ ಕಾರಣದಿಂದ ಕೋಮಾಕ್ಕೆ ಹೋದರೂ ಗಾಜಿನ ಮೇಲೆ ಸವರಿ ನೋಡುವ ರಕ್ತಲೇಪದಲ್ಲಿ ಮಲೇರಿಯಾ ಕಾಣಿಸುತ್ತದೆ, ವೈದ್ಯರು ಅಲ್ಲಿಗೇ ನಿಲ್ಲುತ್ತಾರೆ. ಇದು ಎಷ್ಟು ಮಕ್ಕಳಲ್ಲಿ ಆಗುತ್ತಿದೆ ಎಂದು ತಿಳಿಯಲು ಇದ್ದ ದಾರಿ ಒಂದೇ, ಮರಣೋತ್ತರ ಪರೀಕ್ಷೆ. ಮಗುವನ್ನು ಆಗಷ್ಟೇ ಕಳೆದುಕೊಂಡ ತಂದೆತಾಯಿಯ ಒಪ್ಪಿಗೆ ಕೇಳಿ ನಡೆಸಬೇಕಾದ ಕೆಲಸ ಅದು. ಆ ದುಃಖದಲ್ಲೂ ಒಪ್ಪಿದ ಮಲಾವಿಯ ಕುಟುಂಬಗಳಿಗೆ ಈ ಜ್ಞಾನಶಾಖೆ ಋಣಿಯಾಗಿದೆ. 2004ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಮಿದುಳಿನ ಮಲೇರಿಯಾ ಎಂದು ಎಲ್ಲ ನಿಯಮಗಳ ಪ್ರಕಾರ ಗುರುತಿಸಲ್ಪಟ್ಟು ತೀರಿಕೊಂಡ 31 ಮಕ್ಕಳ ದೇಹಗಳನ್ನು ಪರೀಕ್ಷಿಸಲಾಯಿತು. ಅವರಲ್ಲಿ ನೂರಕ್ಕೆ 23ರಷ್ಟು ಮಕ್ಕಳ ಸಾವಿಗೆ ಮಲೇರಿಯಾ ಕಾರಣವೇ ಆಗಿರಲಿಲ್ಲ. ಅವರ ಮಿದುಳಿನ ಲೋಮನಾಳಗಳಲ್ಲಿ ಪರೋಪಜೀವಿಗಳು ಅಂಟಿರಲಿಲ್ಲ, ಸಾವಿನ ನಿಜವಾದ ಕಾರಣ ಬೇರೊಂದು ಸಿಕ್ಕಿತು. ಉಳಿದ ಮಕ್ಕಳ ನಾಳಗಳು ಪರೋಪಜೀವಿಗಳಿಂದ ತುಂಬಿದ್ದವು, ಮತ್ತು ಅವರಲ್ಲೂ ಮುಕ್ಕಾಲು ಪಾಲು ಮಕ್ಕಳಲ್ಲಿ ನಾಳಗಳ ಒಳಗೂ ಸುತ್ತಲೂ ಇನ್ನಷ್ಟು ಹಾನಿಯಾಗಿತ್ತು.

ಈ ಒಂದು ಶೋಧನೆಯ ಭಾರವನ್ನು ಸ್ವಲ್ಪ ನಿಂತು ಗ್ರಹಿಸಬೇಕು. ಅಲ್ಲಿಯವರೆಗೆ ಔಷಧ ಪರೀಕ್ಷೆಗಳಾಗಲಿ, ವಂಶವಾಹಿಗಳ ಅಧ್ಯಯನಗಳಾಗಲಿ ಮಿದುಳಿನ ಮಲೇರಿಯಾ ಎಂದು ಒಂದೇ ಪಟ್ಟಿಯಲ್ಲಿ ಸೇರಿಸಿಕೊಂಡ ಮಕ್ಕಳಲ್ಲಿ ಒಂದು ಪಾಲು ಬೇರೆ ರೋಗದವರಾಗಿರಬಹುದೆಂದು ಇದರಿಂದ ತಿಳಿಯಿತು. ಬೇರೆ ರೋಗದ ಮಗುವಿಗೆ ಮಲೇರಿಯಾ ಔಷಧ ಕೊಟ್ಟು ಫಲ ಕಾಣಲಿಲ್ಲವೆಂದರೆ ಆ ಔಷಧವನ್ನು ದೂರುವುದರಲ್ಲಿ ಅರ್ಥವಿಲ್ಲ. ಅದೇ ಅಧ್ಯಯನ ಒಂದು ದಾರಿಯನ್ನೂ ತೋರಿಸಿತು. ಎರಡು ಗುಂಪುಗಳನ್ನು ಬದುಕಿರುವಾಗಲೇ ಬೇರ್ಪಡಿಸಬಲ್ಲ ಲಕ್ಷಣ ಒಂದೇ ಒಂದು ಇತ್ತು, ಅದು ಇದ್ದದ್ದು ಕಣ್ಣಿನಲ್ಲಿ.

ಕಣ್ಣಿನ ಹಿಂಭಾಗದ ಅಕ್ಷಿಪಟ ಹುಟ್ಟಿನಿಂದಲೇ ಮಿದುಳಿನ ಭಾಗ. ಅದರ ರಕ್ತನಾಳಗಳ ರಚನೆ ಮಿದುಳಿನ ನಾಳಗಳಂತೆಯೇ ಇದೆ, ಮತ್ತು ದೇಹವನ್ನು ಕೊಯ್ಯದೆ ಅವನ್ನು ನೇರವಾಗಿ ನೋಡಬಹುದು. ಪಾಪೆ ಅಗಲವಾಗಲು ಹನಿ ಹಾಕಿ, ತಲೆಗೆ ಕಟ್ಟಿಕೊಂಡ ದೀಪ ಮತ್ತು ಕೈಯಲ್ಲಿ ಹಿಡಿದ ಮಸೂರದ ಮೂಲಕ ನೋಡಿದಾಗ ಮಲಾವಿಯ ಮಕ್ಕಳ ಅಕ್ಷಿಪಟದಲ್ಲಿ ವಿಶಿಷ್ಟವಾದ ಚಿಹ್ನೆಗಳು ಕಂಡವು. ರಕ್ತ ತಲುಪದ ಜಾಗಗಳು ಬಿಳಿಚಿ ಮಚ್ಚೆಮಚ್ಚೆಯಾಗಿದ್ದವು. ನಡುವೆ ಬಿಳಿ ಚುಕ್ಕೆಯಿರುವ ರಕ್ತಸ್ರಾವದ ಗುರುತುಗಳಿದ್ದವು. ಎಲ್ಲಕ್ಕಿಂತ ವಿಚಿತ್ರವಾಗಿ, ಕೆಲವು ರಕ್ತನಾಳಗಳು ಕೆಂಪಾಗಿರದೆ ಕಿತ್ತಳೆ ಅಥವಾ ಬಿಳಿ ಬಣ್ಣಕ್ಕೆ ತಿರುಗಿದ್ದವು. ಕಾರಣವನ್ನು ತಿಳಿದಾಗ ಮೈ ಜುಮ್ಮೆನ್ನುತ್ತದೆ: ಆ ನಾಳದ ಗೋಡೆಗೆ ಅಂಟಿರುವ ರಕ್ತಕಣಗಳೊಳಗಿನ ಹಿಮೋಗ್ಲೋಬಿನನ್ನು ಪರೋಪಜೀವಿಗಳು ತಿಂದು ಮುಗಿಸಿರುವುದರಿಂದ ರಕ್ತಕ್ಕೆ ಕೆಂಪು ಬಣ್ಣವೇ ಉಳಿದಿಲ್ಲ. ಸೂಸನ್ ಲೆವಲನ್ ಮೊದಲಾದ ನೇತ್ರವೈದ್ಯರು ವರ್ಷಗಟ್ಟಲೆ ಕುಳಿತು ದಾಖಲಿಸಿದ ಈ ಚಿಹ್ನೆಗಳ ಗುಂಪಿಗೆ ಮಲೇರಿಯಾ ರೆಟಿನೋಪತಿ ಎಂದು ಹೆಸರು. ಇಂದು ಗಂಭೀರವಾದ ಅನೇಕ ಅಧ್ಯಯನಗಳಲ್ಲಿ ಕೋಮಾದಲ್ಲಿರುವ ಮಗುವಿನ ಕಣ್ಣಿನೊಳಗೆ ನೋಡದೆ ಅದಕ್ಕೆ ಮಿದುಳಿನ ಮಲೇರಿಯಾ ಇದೆ ಎಂದು ಬರೆದುಕೊಳ್ಳುವುದಿಲ್ಲ.

ಬೆರಳು ಚುಚ್ಚಿ ತೆಗೆದ ರಕ್ತದ ಹನಿ ದಾರಿ ತಪ್ಪಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಅದರಲ್ಲಿ ಸಿಗುವುದು ತಿರುಗಾಡುತ್ತಿರುವ ಎಳೆಯ ಪರೋಪಜೀವಿಗಳು ಮಾತ್ರ. ಬೆಳೆದು ಅಂಟಿಕೊಂಡವು ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಲೇಪದಲ್ಲಿ ಕೆಲವೇ ಪರೋಪಜೀವಿಗಳು ಕಂಡ ಮಗುವಿನ ದೇಹದಲ್ಲಿ ಅಪಾರ ಸಂಖ್ಯೆಯವು ಅಡಗಿರಬಹುದು. ಪರೋಪಜೀವಿ ರಕ್ತಕ್ಕೆ ಬಿಡುವ ಎಚ್‌ಆರ್‌ಪಿ-2 ಎಂಬ ಪ್ರೋಟೀನಿನ ಮಟ್ಟವನ್ನು ಅಳೆದರೆ ಅಡಗಿದವುಗಳನ್ನೂ ಸೇರಿಸಿ ಒಟ್ಟು ಹೊರೆಯನ್ನು ಅಂದಾಜು ಮಾಡಬಹುದೆಂದು 2005ರಲ್ಲಿ ತೋರಿಸಲಾಯಿತು. ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಬಳಸುವ ತ್ವರಿತ ಪರೀಕ್ಷೆಯ ಪಟ್ಟಿ ಫಾಲ್ಸಿಪಾರಮ್ ಅನ್ನು ಹಿಡಿಯುವುದೂ ಇದೇ ಪ್ರೋಟೀನಿನ ಮೂಲಕ.

ಇಷ್ಟೆಲ್ಲ ತಿಳಿದ ಮೇಲೂ ಮಗು ಸಾಯುವುದು ಏಕೆ ಎಂಬುದು ಸ್ಪಷ್ಟವಾಗಿರಲಿಲ್ಲ. ಸತ್ತವರ ಮಿದುಳು ಸಾವಿನ ಕ್ಷಣವನ್ನು ತೋರಿಸುತ್ತದೆ, ಅದಕ್ಕೆ ಮುಂಚಿನ ಗಂಟೆಗಳನ್ನಲ್ಲ. 2008ರಲ್ಲಿ ಬ್ಲಾಂಟೈರಿನ ಆಸ್ಪತ್ರೆಗೆ ಎಂಆರ್‌ಐ ಯಂತ್ರವೊಂದು ದಾನವಾಗಿ ಬಂದದ್ದರಿಂದ, ಕೋಮಾದಲ್ಲಿರುವ ಮಗುವಿನ ಮಿದುಳನ್ನು ಬದುಕಿರುವಾಗಲೇ, ಮತ್ತೆ ಮತ್ತೆ ನೋಡುವುದು ಸಾಧ್ಯವಾಯಿತು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಕಟ್ಟುನಿಟ್ಟಾದ ವ್ಯಾಖ್ಯೆಗೆ ಹೊಂದಿದ 168 ಮಕ್ಕಳಲ್ಲಿ 25 ಮಂದಿ ತೀರಿಕೊಂಡರು. ಅವರಲ್ಲಿ 21 ಮಂದಿಯ ಮಿದುಳು ಆಸ್ಪತ್ರೆಗೆ ಬಂದಾಗಲೇ ತೀವ್ರವಾಗಿ ಊದಿಕೊಂಡಿತ್ತು. ಬದುಕುಳಿದ 143 ಮಕ್ಕಳಲ್ಲಿ ಅಷ್ಟು ತೀವ್ರವಾದ ಊತ ಇದ್ದದ್ದು 39 ಮಂದಿಗೆ ಮಾತ್ರ, ಅವರಲ್ಲೂ ನಂತರದ ಚಿತ್ರಗಳಲ್ಲಿ ಊತ ಇಳಿಯುತ್ತಾ ಬಂದಿತ್ತು.

ತಲೆಬುರುಡೆ ಬಿಗಿಯಾಗಿ ಮುಚ್ಚಳ ಹಾಕಿದ ಪಾತ್ರೆಯಂಥದು. ಒಳಗಿನದು ಉಬ್ಬಿದರೆ ಹೋಗಲು ಜಾಗವಿಲ್ಲ, ಬುಡದಲ್ಲಿ ಬೆನ್ನುಹುರಿ ಇಳಿಯುವ ಕಂಡಿಯೊಂದನ್ನು ಬಿಟ್ಟು. ಊದಿದ ಮಿದುಳು ಆ ಕಂಡಿಯ ಕಡೆಗೆ ತಳ್ಳಲ್ಪಟ್ಟಾಗ, ಅಲ್ಲೇ ಇರುವ ಮಿದುಳುಕಾಂಡ ಒತ್ತಡಕ್ಕೆ ಸಿಲುಕುತ್ತದೆ. ಉಸಿರಾಟವನ್ನು ನಡೆಸುವ ಕೇಂದ್ರ ಅಲ್ಲಿದೆ. ಹಾಗಾಗಿ ಈ ಮಕ್ಕಳಲ್ಲಿ ಅನೇಕರು ಹೃದಯ ಇನ್ನೂ ಬಡಿಯುತ್ತಿರುವಾಗಲೇ ಉಸಿರು ನಿಂತು ಸಾಯುತ್ತಾರೆ. ಈ ವಿವರಣೆ ಸಂಶೋಧನೆಯ ದಿಕ್ಕನ್ನೇ ಬದಲಿಸಿತು ಎನ್ನಬಹುದು. ಊತ ತಾನಾಗಿ ಇಳಿಯುವ ಗುಣದ್ದಾಗಿದ್ದು, ಉಸಿರಾಟ ಆ ಅವಧಿಯಲ್ಲಿ ಮಾತ್ರ ಕೈಕೊಡುವುದಾದರೆ, ಕೆಲವು ದಿನ ವೆಂಟಿಲೇಟರ್ ನೆರವಿನಿಂದ ಮಗುವನ್ನು ದಾಟಿಸಬಹುದೇ, ಗಾಢವಾದ ಉಪ್ಪಿನ ದ್ರಾವಣದಿಂದ ಊತವನ್ನು ತಗ್ಗಿಸಬಹುದೇ ಎಂಬ ಪರೀಕ್ಷೆಗಳನ್ನು ಅದೇ ಆಸ್ಪತ್ರೆಯಲ್ಲಿ ಕೈಗೊಳ್ಳಲಾಯಿತು. ಮೊದಲ ಎಂಆರ್‌ಐ ಅಧ್ಯಯನ ನಡೆದಾಗ ಈ ಮಕ್ಕಳಿಗೆ ಅಲ್ಲಿ ವೆಂಟಿಲೇಟರ್ ಸೌಲಭ್ಯವೇ ಇರಲಿಲ್ಲ ಎಂಬುದನ್ನು ಮರೆಯಬಾರದು; ರೋಗದ ಕಾರಣ ತಿಳಿಯುವುದಕ್ಕೂ ಆ ತಿಳಿವಳಿಕೆ ಮಗುವಿನ ಹಾಸಿಗೆ ತಲುಪುವುದಕ್ಕೂ ನಡುವೆ ಇರುವ ಅಂತರ ಬಡ ದೇಶಗಳಲ್ಲಿ ಬಹಳ ದೊಡ್ಡದು.

ದೊಡ್ಡವರ ಕಥೆ ಇದಕ್ಕಿಂತ ಭಿನ್ನ. ಆಫ್ರಿಕಾದ ಹಳ್ಳಿಗಳಲ್ಲಿ ಬೆಳೆದವರಿಗೆ ವಯಸ್ಸಿಗೆ ಬರುವಷ್ಟರಲ್ಲಿ ಸಾಕಷ್ಟು ನಿರೋಧಕತೆ ಬಂದಿರುತ್ತದೆ. ಭಾರತದಲ್ಲಿ ಸೋಂಕಿನ ಪ್ರಮಾಣ ಕಡಿಮೆಯಿರುವುದರಿಂದ ವಯಸ್ಕರೂ ಈ ರೋಗಕ್ಕೆ ತುತ್ತಾಗುತ್ತಾರೆ. ಒಡಿಶಾದ ರೂರ್ಕೆಲಾದ ಇಸ್ಪಾತ್ ಜನರಲ್ ಆಸ್ಪತ್ರೆಯಲ್ಲಿ ಸಂಜೀಬ್ ಮೊಹಂತಿ ಮತ್ತು ಸಹೋದ್ಯೋಗಿಗಳು ನಡೆಸಿದ ಎಂಆರ್‌ಐ ಅಧ್ಯಯನಗಳು ಈ ವ್ಯತ್ಯಾಸವನ್ನು ತೋರಿಸಿಕೊಟ್ಟವು. ಅಲ್ಲಿ ವಯಸ್ಕರಲ್ಲಿ ಮಕ್ಕಳಷ್ಟು ತೀವ್ರವಾದ ಊತ ಸಾಮಾನ್ಯವಾಗಿ ಕಾಣಲಿಲ್ಲ. ಬದುಕುಳಿದವರಲ್ಲಿ ಮಿದುಳಿನ ಹಿಂಭಾಗದಲ್ಲಿ ಹೆಚ್ಚಾಗಿ ಕಂಡ ಊತ ಬೇಗನೆ ಮಾಯವಾಯಿತು, ಸತ್ತವರಲ್ಲಿ ಆಮ್ಲಜನಕದ ಕೊರತೆಯಿಂದಾದ ಹಾನಿಯ ಗುರುತುಗಳು ಎದ್ದು ಕಂಡವು. ವಯಸ್ಕರಲ್ಲಿ ಮೂತ್ರಪಿಂಡ, ಶ್ವಾಸಕೋಶ, ಯಕೃತ್ತು ಒಟ್ಟಿಗೆ ಸೋಲುವುದೂ ಹೆಚ್ಚು. ಒಂದೇ ಹೆಸರಿನ ರೋಗ ವಯಸ್ಸಿಗೆ ತಕ್ಕಂತೆ ಬೇರೆ ಬೇರೆ ದಾರಿಯಲ್ಲಿ ಕೊಲ್ಲುತ್ತದೆಯಾದ್ದರಿಂದ ಬ್ಲಾಂಟೈರಿನಲ್ಲಿ ಮಕ್ಕಳಿಗೆ ಹಿಡಿಸಿದ ಚಿಕಿತ್ಸೆ ರೂರ್ಕೆಲಾದ ಗಣಿಕಾರ್ಮಿಕನಿಗೂ ಹಿಡಿಸುತ್ತದೆಂದು ಊಹಿಸುವಂತಿಲ್ಲ.

ಊಹೆಯನ್ನು ನಂಬಿ ಕೊಟ್ಟ ಚಿಕಿತ್ಸೆಗಳ ಇತಿಹಾಸ ಈ ರೋಗದಲ್ಲಿ ನೋವಿನದು. ಮಿದುಳು ಊದಿರುತ್ತದೆಯಾದ್ದರಿಂದ ಸ್ಟೀರಾಯ್ಡ್ ಕೊಡುವುದು ಸಹಜವೆಂದು ಬಹುಕಾಲ ವೈದ್ಯರು ತಿಳಿದಿದ್ದರು. ಡೇವಿಡ್ ವಾರೆಲ್ ಮತ್ತು ಸಂಗಡಿಗರು ಥಾಯ್ಲೆಂಡಿನಲ್ಲಿ ಕೋಮಾದಲ್ಲಿದ್ದ 100 ರೋಗಿಗಳನ್ನು ಎರಡು ಗುಂಪು ಮಾಡಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಔಷಧವನ್ನು ಪರೀಕ್ಷಿಸಿ 1982ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾವು ತಗ್ಗಲಿಲ್ಲ, ಬದುಕುಳಿದವರಲ್ಲಿ ಔಷಧ ಪಡೆದವರ ಕೋಮಾ ಸರಾಸರಿ 63 ಗಂಟೆ, ಪಡೆಯದವರದು 47 ಗಂಟೆ, ನ್ಯುಮೋನಿಯಾ, ಹೊಟ್ಟೆಯಲ್ಲಿ ರಕ್ತಸ್ರಾವದಂಥ ತೊಡಕುಗಳೂ ಔಷಧ ಪಡೆದವರಲ್ಲೇ ಹೆಚ್ಚು. ಕೀನ್ಯಾದ ಕಿಲಿಫಿಯಲ್ಲಿ 340 ಮಕ್ಕಳಲ್ಲಿ ಸೆಳವು ಬರದಂತೆ ಮುಂಚಿತವಾಗಿ ಫಿನೋಬಾರ್ಬಿಟಾಲ್ ಕೊಟ್ಟ ಪರೀಕ್ಷೆಯ ವರದಿ 2000ದಲ್ಲಿ ಬಂತು. ಸೆಳವು ಅರ್ಧಕ್ಕಿಳಿಯಿತು, ಆದರೆ ಸಾವಿನ ಪ್ರಮಾಣ ನೂರಕ್ಕೆ 8ರಿಂದ 18ಕ್ಕೆ ಏರಿತು. ಔಷಧ ಉಸಿರಾಟವನ್ನು ಕುಗ್ಗಿಸಿತ್ತು. ಮಿದುಳಿನ ಒತ್ತಡ ಇಳಿಸುವ ಮ್ಯಾನಿಟಾಲ್ ಉಗಾಂಡಾದ ಮಕ್ಕಳಲ್ಲೂ ರೂರ್ಕೆಲಾದ ವಯಸ್ಕರಲ್ಲೂ ಪ್ರಯೋಜನಕ್ಕೆ ಬರಲಿಲ್ಲ. ಈ ಮೂರು ಔಷಧಗಳ ಹಿಂದೆಯೂ ಒಪ್ಪುವಂಥ ತರ್ಕವಿತ್ತು. ತರ್ಕ ಸರಿಯಿದ್ದ ಮಾತ್ರಕ್ಕೆ ರೋಗಿ ಉಳಿಯುವುದಿಲ್ಲ ಎಂಬುದನ್ನು ಇಷ್ಟು ಕಟುವಾಗಿ ತೋರಿಸಿದ ರೋಗ ಬೇರೊಂದಿದೆಯೆಂದು ನನಗನ್ನಿಸುವುದಿಲ್ಲ.

ನಿಜವಾಗಿ ಜೀವ ಉಳಿಸಿದ್ದು ಪರೋಪಜೀವಿಯನ್ನೇ ಬೇಗ ಕೊಲ್ಲುವ ಔಷಧ. ಚೀನಾದ ತೂ ಯೂಯೂ ಅವರಿಗೆ 2015ರ ನೊಬೆಲ್ ತಂದುಕೊಟ್ಟ ಆರ್ಟಿಮಿಸಿನಿನ್‌ನ ಸಂಬಂಧಿಯಾದ ಆರ್ಟಿಸುನೇಟ್ ಚುಚ್ಚುಮದ್ದನ್ನು ಹಳೆಯ ಕ್ವಿನೈನಿನ ಜೊತೆ ಹೋಲಿಸಿದ ಎರಡು ದೊಡ್ಡ ಪರೀಕ್ಷೆಗಳು ನಡೆದವು. ಭಾರತವೂ ಸೇರಿದಂತೆ ಏಷ್ಯಾದ ನಾಲ್ಕು ದೇಶಗಳ 1,461 ರೋಗಿಗಳಲ್ಲಿ ಸಾವು ನೂರಕ್ಕೆ 22ರಿಂದ 15ಕ್ಕೆ ಇಳಿದುದನ್ನು 2005ರ ವರದಿ ತೋರಿಸಿತು. ಆಫ್ರಿಕಾದ 5,425 ಮಕ್ಕಳಲ್ಲಿ 10.9ರಿಂದ 8.5ಕ್ಕೆ ಇಳಿದುದನ್ನು 2010ರ ವರದಿ ತೋರಿಸಿತು. ಕ್ವಿನೈನು ಮುಖ್ಯವಾಗಿ ಬೆಳೆದ ಪರೋಪಜೀವಿಯ ಮೇಲೆ ಕೆಲಸ ಮಾಡಿದರೆ, ಆರ್ಟಿಸುನೇಟ್ ತಿರುಗಾಡುತ್ತಿರುವ ಎಳೆಯದನ್ನೂ, ಅಂದರೆ ಅದು ನಾಳಕ್ಕೆ ಅಂಟಿಕೊಳ್ಳುವ ಮುಂಚೆಯೇ, ಕೊಲ್ಲುತ್ತದೆ. ವ್ಯತ್ಯಾಸದ ಗುಟ್ಟು ಅಲ್ಲಿದೆ.

ಪ್ರಯೋಗಾಲಯದ ಇಲಿಗಳ ಬಗೆಗೂ ಹೇಳಬೇಕು, ಏಕೆಂದರೆ ಈ ಕ್ಷೇತ್ರದ ಅತಿ ಬಿಸಿಯಾದ ವಾದ ಅವುಗಳ ಸುತ್ತ ನಡೆದಿದೆ. ಪ್ಲಾಸ್ಮೋಡಿಯಮ್ ಬರ್ಗೈ ಎಂಬ ಪ್ರಭೇದದ ಸೋಂಕು ತಗುಲಿಸಿದ ಇಲಿಗಳು ವಾರ ಹತ್ತು ದಿನಗಳಲ್ಲಿ ಸೆಳವು, ಕೋಮಾ ಬಂದು ಸಾಯುತ್ತವೆ. ಆದರೆ ಅವುಗಳ ಮಿದುಳಿನಲ್ಲಿ ಎದ್ದು ಕಾಣುವುದು ಪರೋಪಜೀವಿಗಳ ಜಮಾವಣೆಗಿಂತ ದೇಹದ್ದೇ ಆದ ಸಿಡಿ-8 ಎಂಬ ರಕ್ಷಕ ಬಿಳಿ ರಕ್ತಕಣಗಳ ದಾಳಿ. ಇಲಿಯಲ್ಲಿ ಗೆದ್ದ ಚಿಕಿತ್ಸೆಗಳು ಮನುಷ್ಯರಲ್ಲಿ ಸಾಲುಸಾಲಾಗಿ ಸೋತಾಗ, ಇಲಿಯದು ಬೇರೆಯೇ ರೋಗ ಎಂದು ಆಗ್ನೇಯ ಏಷ್ಯಾದಲ್ಲಿ ಕೆಲಸ ಮಾಡುವ ವೈದ್ಯ ಸಂಶೋಧಕರು 2010ರಲ್ಲಿ ಬಲವಾಗಿ ವಾದಿಸಿದರು. ಹತ್ತು ವರ್ಷಗಳ ನಂತರ, ಮಲಾವಿಯ ಮಕ್ಕಳ ಮಿದುಳಿನ ಮಾದರಿಗಳನ್ನು ಹೊಸ ವಿಧಾನದಿಂದ ಪರೀಕ್ಷಿಸಿದಾಗ ಅಲ್ಲೂ ಸಿಡಿ-8 ಕಣಗಳು ನಾಳದ ಗೋಡೆಗೆ ತಾಗಿ ನಿಂತಿರುವುದು ಕಂಡು, ವಾದ ಮತ್ತೆ ತೆರೆದುಕೊಂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಇಲ್ಲೊಂದು ಪಾಲಿದೆ. ಪರೋಪಜೀವಿ ಹಿಮೋಗ್ಲೋಬಿನಿನಲ್ಲಿ ಕಬ್ಬಿಣವನ್ನು ಹೊತ್ತ ಭಾಗವಾದ ಹೀಮ್ ಅನ್ನು ಕಬಳಿಸುವುದಲ್ಲದೆ ತಾನೇ ಹೀಮ್ ತಯಾರಿಸಿಕೊಳ್ಳುತ್ತದೆ ಎಂಬುದನ್ನು ಅಲ್ಲಿನ ಜಿ. ಪದ್ಮನಾಭನ್ ಮತ್ತು ನಮಿತಾ ಸುರೋಲಿಯಾ 1992ರಲ್ಲಿ ತೋರಿಸಿದ್ದರು. ಆ ತಯಾರಿಕೆಯೇ ಮಿದುಳಿನ ರೋಗಕ್ಕೆ ಇಂಬು ಕೊಡುತ್ತದೆಂದೂ, ಚರ್ಮದ ಶಿಲೀಂಧ್ರಕ್ಕೆ ಕೊಡುವ ಹಳೆಯ ಮಾತ್ರೆಯಾದ ಗ್ರಿಸಿಯೋಫುಲ್ವಿನ್ ಅದನ್ನು ತಡೆದು ಇಲಿಗಳನ್ನು ಉಳಿಸುತ್ತದೆಂದೂ ಭುವನೇಶ್ವರದ ವಿ. ಅರುಣ್ ನಾಗರಾಜ್ ಮತ್ತು ಪದ್ಮನಾಭನ್ ಅವರ ತಂಡ 2022ರಲ್ಲಿ ಪ್ರಕಟಿಸಿತು. ಅಗ್ಗದ, ಪರಿಚಿತ ಔಷಧವೊಂದರ ಬಗ್ಗೆ ಇಂಥ ಸುಳಿವು ಸಿಕ್ಕಿರುವುದು ಸಂತೋಷದ ವಿಷಯವೇ. ಇಲಿಗಳ ಹಳೆಯ ಅನುಭವ ಬಲ್ಲವರು ಮನುಷ್ಯರ ಮೇಲಿನ ಪರೀಕ್ಷೆಯವರೆಗೆ ಕಾಯುತ್ತಾರೆ.

ಬದುಕಿ ಮನೆಗೆ ಹೋದ ಮಕ್ಕಳೆಲ್ಲ ಪೂರ್ತಿ ಗುಣಮುಖರೆಂದು ಬಹುಕಾಲ ನಂಬಲಾಗಿತ್ತು. ಹಿಂಬಾಲಿಸಿ ನೋಡಿದಾಗ ಹಾಗಲ್ಲವೆಂದು ತಿಳಿಯಿತು. ಉಗಾಂಡಾದ ಕಂಪಾಲಾದಲ್ಲಿ ಚಾಂದಿ ಜಾನ್ ಮತ್ತು ಸಹೋದ್ಯೋಗಿಗಳು ನಡೆಸಿದ ಅಧ್ಯಯನದ 2008ರ ವರದಿಯಂತೆ, ಎರಡು ವರ್ಷಗಳ ನಂತರ ಗಮನ, ನೆನಪು, ಕಲಿಕೆಗಳಲ್ಲಿ ಒಂದಾದರೂ ಕೊರತೆ ಇದ್ದವರು ಮಿದುಳಿನ ಮಲೇರಿಯಾದಿಂದ ಉಳಿದ ಮಕ್ಕಳಲ್ಲಿ ನೂರಕ್ಕೆ 26ರಷ್ಟಿದ್ದರೆ, ಅದೇ ಊರಿನ ಬೇರೆ ಮಕ್ಕಳಲ್ಲಿ 8ಕ್ಕಿಂತ ಕಡಿಮೆ ಇದ್ದರು. ಬ್ಲಾಂಟೈರಿನಲ್ಲಿ ನರವೈದ್ಯೆ ಗ್ರೆಚನ್ ಬರ್ಬೆಕ್ ಅವರ ತಂಡ ಹಿಂಬಾಲಿಸಿದ 132 ಮಕ್ಕಳಲ್ಲಿ 12 ಮಂದಿಗೆ ಅಪಸ್ಮಾರ, ಅಂದರೆ ಮೂರ್ಛೆರೋಗ, ಕಾಣಿಸಿಕೊಂಡಿತು. ಹೋಲಿಕೆಗೆ ಇಟ್ಟುಕೊಂಡ 264 ಮಕ್ಕಳಲ್ಲಿ ಒಬ್ಬರಿಗೂ ಅದು ಬರಲಿಲ್ಲ. ನಡಿಗೆ, ಮಾತು, ನಡವಳಿಕೆಗಳ ತೊಂದರೆಯನ್ನೂ ಸೇರಿಸಿದರೆ ಉಳಿದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಏನಾದರೊಂದು ಹಾನಿಯನ್ನು ಹೊತ್ತಿತ್ತು. ಕೆಲವು ತೊಂದರೆಗಳು ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕಾಣದೆ ತಿಂಗಳುಗಳ ನಂತರ ತಲೆದೋರುತ್ತವೆ. ಅಷ್ಟರಲ್ಲಿ ಮಗು ಹಳ್ಳಿಗೆ ಮರಳಿರುತ್ತದೆ, ಶಾಲೆಯಲ್ಲಿ ಹಿಂದೆ ಬಿದ್ದ ಹುಡುಗನನ್ನು ದಡ್ಡನೆಂದು ಕರೆಯುವವರಿಗೆ ಆ ಹಳೆಯ ಜ್ವರ ನೆನಪಿಗೇ ಬರುವುದಿಲ್ಲ. ಈ ರೋಗದ ಲೆಕ್ಕದಲ್ಲಿ ಸಾವುಗಳನ್ನು ಮಾತ್ರ ಎಣಿಸುವುದು ಅನ್ಯಾಯವೆಂದು ನಾನು ಹೇಳುವುದು ಇದಕ್ಕಾಗಿ. ಬ್ಲಾಂಟೈರಿನ ಅಧ್ಯಯನದಲ್ಲಿ ಅಪಸ್ಮಾರದ ಅಪಾಯ ಹೆಚ್ಚಾಗಿದ್ದದ್ದು ಜ್ವರ ಬಹಳ ಏರಿದ್ದ ಮತ್ತು ಆಸ್ಪತ್ರೆಯಲ್ಲಿ ಸೆಳವು ಬಂದಿದ್ದ ಮಕ್ಕಳಿಗೆ. ಅದನ್ನು ಹಿಡಿದು, ಪ್ಯಾರಾಸಿಟಮಾಲ್ ಮತ್ತು ಐಬುಪ್ರೋಫೆನ್ ಕೊಟ್ಟು ಜ್ವರವನ್ನು ಮೊದಲಿನಿಂದಲೇ ತಗ್ಗಿಸಿಟ್ಟರೆ ಮಿದುಳು ಉಳಿಯುತ್ತದೆಯೇ ಎಂಬ ಪರೀಕ್ಷೆ ಮಲಾವಿ ಮತ್ತು ಜಾಂಬಿಯಾಗಳಲ್ಲಿ ನಡೆದಿದೆ.

ಇತ್ತೀಚಿನ ಅಧ್ಯಯನಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಮಲೇರಿಯಾದಿಂದ ತೀವ್ರ ರಕ್ತಹೀನತೆಗೆ ಒಳಗಾದ, ಆದರೆ ಒಮ್ಮೆಯೂ ಕೋಮಾಕ್ಕೆ ಹೋಗದ ಕಂಪಾಲಾದ ಮಕ್ಕಳಲ್ಲೂ ದೀರ್ಘಕಾಲದ ಕಲಿಕೆಯ ಕೊರತೆ ಕಂಡುಬಂದಿತು. ರೂರ್ಕೆಲಾದಲ್ಲಿ ಪ್ರಜ್ಞೆ ಸರಿಯಾಗಿಯೇ ಇದ್ದ ಫಾಲ್ಸಿಪಾರಮ್ ರೋಗಿಗಳನ್ನು ಎಂಆರ್‌ಐ ಯಂತ್ರದಲ್ಲಿ ಪರೀಕ್ಷಿಸಿದಾಗ ಅವರ ಮಿದುಳಿನಲ್ಲೂ ಬದಲಾವಣೆಗಳು ಕಂಡವು. ಕೋಮಾ ಎಂಬ ಒಂದೇ ಗೆರೆಯ ಈಚೆಗೆ ಮಿದುಳು ಸುರಕ್ಷಿತ, ಆಚೆಗೆ ಮಾತ್ರ ಅಪಾಯ ಎಂದು ಭಾವಿಸಿ ರೂಪಿಸಿದ್ದ ವ್ಯಾಖ್ಯೆಯನ್ನು ಈ ಎರಡೂ ಕಡೆಯ ಸಂಶೋಧಕರು ಈಗ ಮರುಪರಿಶೀಲಿಸುತ್ತಿದ್ದಾರೆ.